ಕಣದ ಕೋಳಿ

ಒಂಬತ್ತು ಜನ ಸಿಕ್ಕಿದ್ದರು, ಹತ್ತನೆಯವರು ಸಿಕ್ಕಿರಲಿಲ್ಲ. ಮಲ್ಲೇಶನ ಆ ಶನಿವಾರದ ದುರ್ಗತಿಗೆಲ್ಲ ಮೂಲ ಇಷ್ಟೇ.

ಮಲ್ಲೇಶ ಮೂಡಿಗೆರೆಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಡಿಸೈನರ್. ವಯಸ್ಸು ಮೂವತ್ತನಾಲ್ಕು. ಹುಟ್ಟುಹಬ್ಬದವರ ಕೆನ್ನೆಗೆ ಬಣ್ಣ ಏರಿಸುವುದು, ತೀರಿಕೊಂಡವರ ಬೆನ್ನ ಹಿಂದೆ ಮೋಡ ಇಡುವುದು, ಪಂಚಾಯಿತಿ ಸದಸ್ಯರ ನೆತ್ತಿಯ ಮೇಲೆ ಕೂದಲು ಬೆಳೆಸುವುದು ಅವನ ಹೊಟ್ಟೆಪಾಡು. ಜೀವ ಇದ್ದದ್ದು ಮಾತ್ರ ಕಾರ್ಟೂನಿನಲ್ಲಿ. ಹನ್ನೊಂದು ವರ್ಷದಿಂದ ಬರೆದು ಬರೆದು ಪತ್ರಿಕೆಗಳಿಗೆ ಕಳಿಸುತ್ತಿದ್ದ. ಅಂಚೆಯಲ್ಲಿ ಕಳಿಸುತ್ತಿದ್ದಾಗ ಅವು ಗಂಡನ ಮನೆಯಲ್ಲಿ ನಿಲ್ಲದ ಮಗಳಂತೆ ತಿರುಗಿ ಬರುತ್ತಿದ್ದವು. ಈಮೇಲಿಗೆ ಬದಲಾದ ಮೇಲೆ ಆ ಸೌಜನ್ಯವೂ ಉಳಿಯಲಿಲ್ಲ.

ಹೀಗಿರುವಾಗ ‘ಓರೆಗೆರೆ’ ಎಂಬ ಜಾಲಪತ್ರಿಕೆಯ ಸಂಪಾದಕಿ ಭುವನಾ ಅವನಿಗೊಂದು ಕೆಲಸ ಒಪ್ಪಿಸಿದರು. ಈ ಕಾಲದ, ಆದರೆ ಯಾರೂ ಅಷ್ಟಾಗಿ ಗಮನಿಸದ ಹತ್ತು ಚಿತ್ರಗಾರರನ್ನು ಹುಡುಕಿ ಒಂದು ಲೇಖನ ಬರೆಯಬೇಕು. ವ್ಯಂಗ್ಯಚಿತ್ರ ಬರೆಯುವವರಾದರೂ ಸರಿ, ಅನಿಮೇಷನ್ ಮಾಡುವವರಾದರೂ ಸರಿ. ಹತ್ತು ತುಂಬಿಸಿದರೆ ಲೇಖನದ ಕೆಳಗೆ ಮಲ್ಲೇಶನದೇ ಒಂದು ಕಾರ್ಟೂನು ಹಾಕುತ್ತಾರೆ. ಶನಿವಾರ ಸಂಜೆ ಆರು ಗಂಟೆ ಗಡುವು.

ಮೂರು ವಾರ ಮಲ್ಲೇಶ ಫೋನಿನೊಳಗೇ ವಾಸ ಮಾಡಿದ. ಎಂಥೆಂಥವರು ಸಿಕ್ಕಿದರು. ಕಳಸದ ಕಡೆಯ ಒಬ್ಬ ಕಂಡಕ್ಟರು ಬಸ್ಸಿನಲ್ಲಿ ನಿದ್ದೆಹೋದವರನ್ನು ಟಿಕೆಟ್ಟಿನ ಬೆನ್ನಿಗೆ ಬರೆದು ಇಳಿಯುವಾಗ ಅವರ ಕೈಗೇ ಕೊಡುತ್ತಿದ್ದ. ಮೇಘಶ್ರೀ ಎಂಬ ಹುಡುಗಿ ಕುದುರೆಮುಖದ ಖಾಲಿ ಕ್ವಾರ್ಟರ್ಸುಗಳ ಕಿಟಕಿಗಳಲ್ಲಿ, ಮೊದಲು ಅಲ್ಲಿ ಸಂಸಾರ ಮಾಡಿಕೊಂಡಿದ್ದವರನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಮಳೆ ತೊಳೆದುಹಾಕಿದರೆ ಮತ್ತೆ ಬರೆಯುತ್ತಿದ್ದಳು. ಒಬ್ಬೊಬ್ಬರು ಸಿಕ್ಕಾಗಲೂ ಮಲ್ಲೇಶನಿಗೆ ಎದೆ ತುಂಬಿ ಬರುತ್ತಿತ್ತು. ಅದರ ಬೆನ್ನಿಗೇ, ಇದು ನನಗೆ ಹೊಳೆಯಬಾರದಿತ್ತೇ ಎಂದು ಹೊಟ್ಟೆ ಉರಿಯುತ್ತಿತ್ತು. ಹೀಗೆ ಒಂಬತ್ತು ಸಲ ತುಂಬಿ ಒಂಬತ್ತು ಸಲ ಉರಿದ ಮೇಲೆ, ಹತ್ತನೆಯ ಜಾಗದಲ್ಲಿ ಅವನು ತನ್ನ ಹೆಸರನ್ನೇ ಬರೆದು ಕಳಿಸಿದ.

ಶುಕ್ರವಾರ ಬೆಳಿಗ್ಗೆ ಭುವನಾ ಫೋನ್ ಮಾಡಿದರು.

“ಹತ್ತನೆಯವರು ಆಗಲ್ಲ ಮಲ್ಲೇಶ್. ಯಾರಿಗೂ ಗೊತ್ತಿಲ್ಲದವರು ಬೇಕು ಅಂದಿದ್ದೆ.”

“ನನ್ನ ಯಾರಿಗೂ ಗೊತ್ತಿಲ್ಲ ಮೇಡಂ.”

“ಗೊತ್ತಾಗಬೇಕಾದವರು ಆಗಿರಬೇಕಲ್ವಾ. ಒಂದು ಲಿಂಕ್ ಕಳಿಸ್ತೀನಿ ನೋಡಿ. ನಿಮ್ಮ ಕಡೆಯವರೇ ಅನ್ಸುತ್ತೆ. ಆರು ಸಲ ಬರೆದೆ, ಉತ್ತರ ಇಲ್ಲ. ಹುಡುಕಿ, ಒಪ್ಪಿಗೆ ತಗೊಂಡು ಬನ್ನಿ. ಇಲ್ಲಾಂದ್ರೆ ಒಂಬತ್ತಕ್ಕೇ ಬಿಡ್ತೀನಿ, ಕಾರ್ಟೂನಿನ ಮಾತೂ ಬಿಡೋಣ.”

ಲಿಂಕ್ ತೆರೆದರೆ ‘ಕಣದ ಕೋಳಿ’ ಎಂಬ ಹೆಸರು. ಒಟ್ಟು ಹದಿನಾಲ್ಕು ಪುಟ್ಟ ಚಿತ್ರಗಳು, ಒಂದೊಂದೂ ಹತ್ತೇ ಸೆಕೆಂಡಿನದು. ಕಾಗದವಿಲ್ಲ, ಬಣ್ಣವಿಲ್ಲ. ಇದ್ದದ್ದು ಒಂದು ಸಿಮೆಂಟ್ ಕಣ, ಅದರ ಮೇಲೆ ಒಣಹಾಕಿದ ಪಾರ್ಚ್‌ಮೆಂಟ್ ಕಾಫಿ. ತೊಳೆದ ಆ ನಸುಹಳದಿ ಬೀಜವನ್ನು ಒಣಗುವ ತನಕ ಆಗಾಗ ಹಲಗೆಯಲ್ಲಿ ಕೈಯಾಡಿಸುತ್ತಲೇ ಇರಬೇಕು. ಹಲಗೆ ಎಳೆದಲ್ಲೆಲ್ಲ ಕೆಳಗಿನ ಸಿಮೆಂಟು ಕಂಡು ಕಪ್ಪು ಗೆರೆ ಏಳುತ್ತದೆ. ಯಾರೋ ಪುಣ್ಯಾತ್ಮರು ಆ ಗೆರೆಯನ್ನೇ ಚಿತ್ರ ಮಾಡಿದ್ದರು. ಒಂದು ಸಲ ಕೈಯಾಡಿಸಿದರೆ ಒಂದು ಚಿತ್ರ. ಅದನ್ನು ಮೇಲಿನಿಂದ ಹಿಡಿದು, ಮುಂದಿನ ಸಲ ತುಸು ಬದಲಿಸಿ, ಮತ್ತೆ ಹಿಡಿದು, ಎಲ್ಲವನ್ನೂ ಒಂದರ ಹಿಂದೊಂದು ಓಡಿಸಿದರೆ ಕಣದ ತುಂಬ ಕೋಳಿ ನಡೆಯುತ್ತಿತ್ತು. ಕೋಳಿ ಮೊಟ್ಟೆ ಇಟ್ಟರೆ ಅದರೊಳಗಿಂದ ಬಸ್ಸು ಹೊರಡುತ್ತಿತ್ತು. ಇನ್ನೊಂದರಲ್ಲಿ ಆನೆ ಬಂದು ಕಣವನ್ನೇ ಮೇಯ್ದು ಖಾಲಿ ಮಾಡಿ ಹೋಗುತ್ತಿತ್ತು. ಮತ್ತೊಂದರಲ್ಲಿ ಗೊರಕೆ ಹೊಡೆಯುವ ಗಂಡಸೊಬ್ಬನ ಮೀಸೆ ಮುಖ ಬಿಟ್ಟು ಬಾವಲಿಯಂತೆ ಹಾರಿಹೋಗುತ್ತಿತ್ತು.

ಮಲ್ಲೇಶ ಆ ಮೀಸೆಯನ್ನು ಮೂವತ್ತು ಸಲ ನೋಡಿದ. ಎದೆ ತುಂಬಿತು, ಹೊಟ್ಟೆ ಉರಿಯಿತು. ಮೂವತ್ತೊಂದನೆಯ ಸಲ ಚಿತ್ರದ ಮೂಲೆಯಲ್ಲಿ ಇನ್ನೇನೋ ಕಂಡಿತು. ಕಣದ ಅಂಚಿಗೆ, ಕಾಫಿ ಮುಚ್ಚಲು ಇಟ್ಟ ಹಳೆಯ ಫ್ಲೆಕ್ಸು. ಅದರಲ್ಲಿ ಒಂದು ಕೊಕ್ಕು, ಒಂದು ದುಂಡು ಕಣ್ಣು.

ಆ ಕಣ್ಣನ್ನು ಅವನು ಎಲ್ಲಿದ್ದರೂ ಗುರುತಿಸಬಲ್ಲ. ಅದು ಅವನದೇ ಗರುಡ.

ಹೋದ ವರ್ಷ ದೇವರಮನೆ ರಸ್ತೆಯ ಗರುಡ ಯುವಕರ ಸಂಘ ವಾಲಿಬಾಲ್ ಟೂರ್ನಮೆಂಟ್ ಇಟ್ಟುಕೊಂಡಾಗ, ಇಂಟರ್‌ನೆಟ್ಟಿನ ಹದ್ದನ್ನು ಅಂಟಿಸಲು ಒಪ್ಪದೆ ಮಲ್ಲೇಶ ನಾಲ್ಕು ದಿನ ಕೂತು ಕೈಯಾರೆ ಗರುಡನನ್ನು ಬರೆದಿದ್ದ. ಅದು ಅವನ ಬದುಕಿನಲ್ಲಿ ಅಚ್ಚಾದ ಒಂದೇ ಸ್ವಂತ ಚಿತ್ರ. ಶನಿವಾರ ಬೆಳಿಗ್ಗೆ ಏಳಕ್ಕೇ ಅವನು ಸಂಘದ ಕಾರ್ಯದರ್ಶಿ ನಂದನ್‌ಗೆ ಫೋನ್ ಹಚ್ಚಿದ.

“ನಂದಣ್ಣ, ಟೂರ್ನಮೆಂಟಿನ ಫ್ಲೆಕ್ಸು ಈಗ ಎಲ್ಲಿದೆ?”

“ಯಾವ್ದು, ಹುಂಜದ್ದಾ?”

“ಗರುಡಂದು.”

“ಹಾಂ, ಅದೇ. ಮೂರು ತುಂಡು ಮಾಡಿ ಮೂರು ಎಸ್ಟೇಟಿಗೆ ಕೊಟ್ವಿ ಮಾರಾಯ, ಕಾಫಿ ಮುಚ್ಚಕ್ಕೆ. ಇಬ್ಬನಿಗೆ ಒಳ್ಳೇದಾಗುತ್ತೆ ಅಂದ್ರು.”

“ತಲೆ ಯಾರಿಗೆ ಹೋಯ್ತು?”

“ತಲೆ ಬಾಲ ನೋಡಿ ಯಾರು ಕೊಡ್ತಾರೆ? ಮೂರೂ ಅದೇ ರಸ್ತೇಲೆ ಇದಾವೆ, ಹೋಗಿ ನೋಡು.”

ಮಲ್ಲೇಶ ಬೈಕ್ ಹತ್ತಿದ. ಜನವರಿ ತಿಂಗಳು, ಕಾಫಿಗೆ ಎಂದೂ ಇಲ್ಲದ ಬೆಲೆ ಬಂದ ವರ್ಷ. ಇಂಥ ದಿನಗಳಲ್ಲಿ ಈ ಸೀಮೆಯಲ್ಲಿ ಬೇರೆಯವರ ಕಣದ ಸುತ್ತ ಸುಳಿದಾಡಿ ಫೋಟೊ ತೆಗೆಯುವವನು ಒಂದೇ ಜಾತಿಯವನು, ಕಾಫಿ ಕಳ್ಳ. ಇದು ಐದು ವರ್ಷದ ಮಗುವಿಗೂ ಗೊತ್ತು. ಮಲ್ಲೇಶನಿಗೂ ಗೊತ್ತಿರಬೇಕಿತ್ತು. ಆದರೆ ಅವನ ತಲೆಯ ತುಂಬ ಗರುಡನ ತಲೆಯೇ ಇತ್ತು.

ಮೊದಲ ಎಸ್ಟೇಟಿನಲ್ಲಿ ಕೇಳೋಣವೆಂದರೆ ಯಾರೂ ಕಾಣಲಿಲ್ಲ. ಕಣ ಮೇಲಿನಿಂದ ಹೇಗೆ ಕಾಣುತ್ತದೆಂದು ನೋಡಲು ನೀರಿನ ಟ್ಯಾಂಕಿನ ಏಣಿ ಹತ್ತಿ ಎಂಟು ಫೋಟೊ ತೆಗೆದ. ಕೆಳಗೆ ಮಡಚಿಟ್ಟ ಫ್ಲೆಕ್ಸಿನಲ್ಲಿ ಬಾಲದ ಗರಿಗಳಿದ್ದವು. ಏಣಿಯ ಬುಡದಲ್ಲಿ ನಾಯಿಯೂ ಇತ್ತು. ಅದು ಅವನನ್ನು ಗೇಟಿನ ತನಕ ಬೀಳ್ಕೊಟ್ಟು, ನೆನಪಿಗೆಂದು ಬಲಗಾಲಿನ ಚಪ್ಪಲಿ ಇಟ್ಟುಕೊಂಡಿತು.

ಎರಡನೆಯ ಎಸ್ಟೇಟಿನಲ್ಲಿ ರೆಕ್ಕೆ ಸಿಕ್ಕಿತು. ಅಲ್ಲಿ ಕಿಟಕಿಯಿಂದ ಯಾರೋ ಹೆಂಗಸು ಅವನು ಕಣದ ಫೋಟೊ ತೆಗೆಯುವುದನ್ನು ನೋಡಿ, ಅವನದೊಂದು ಫೋಟೊ ತೆಗೆದುಕೊಂಡರು. ಅವನು ನಕ್ಕು ಕೈ ಬೀಸಿದ. ಆ ನಗು ಎರಡೇ ನಿಮಿಷದಲ್ಲಿ ‘ಕಾಫಿ ಕಾವಲು’ ಎಂಬ ಬೆಳೆಗಾರರ ವಾಟ್ಸಾಪ್ ಗುಂಪಿನ ಇನ್ನೂರ ನಲವತ್ತು ಮನೆ ತಲುಪಿತು. ಕೆಳಗೊಂದು ಸಾಲು: ಒಂಟಿ ಚಪ್ಪಲಿ, ಹಗಲಲ್ಲೇ ನೋಡಿಕೊಂಡು ಹೋಗುತ್ತಿದ್ದಾನೆ, ಹುಷಾರು.

ಹತ್ತೂವರೆಗೆ ಮೂರನೆಯ ಎಸ್ಟೇಟಿನ ಕಣಕ್ಕೆ ಅವನು ಕಾಲಿಟ್ಟಾಗ, ಎಸ್ಟೇಟಿನ ಮಾಲೀಕರಾದ ಕೃಷ್ಣಪ್ಪಗೌಡರೂ, ಆಳುಗಳ ಹಾಜರಿ ಬರೆಯುವ ಅವರ ರೈಟರ್ ಅರುಣನೂ ಅವನಿಗಾಗಿಯೇ ಕಾಯುತ್ತಿದ್ದರು. ಅರುಣ ಮೊದಲು ಬೈಕಿನ ಎರಡೂ ಗಾಲಿಗಳ ಗಾಳಿ ಬಿಟ್ಟ. ಆಮೇಲೆ ಫೋನ್ ಕಿತ್ತುಕೊಂಡು ಗೌಡರ ಕೈಗಿತ್ತ.

“ಎಂತ ಹುಡುಕ್ತಾ ಇದೀರಿ?” ಗೌಡರು ಮೃದುವಾಗಿಯೇ ಕೇಳಿದರು. ಅವರದು ದೊಡ್ಡ ಮೀಸೆ. ಅದನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಮಲ್ಲೇಶನಿಗೆ ಅನ್ನಿಸಿತು.

“ಗರುಡನ ತಲೆ ಸಾರ್.”

ಗೌಡರು ಅರುಣನ ಮುಖ ನೋಡಿದರು. ಅರುಣ ಹುಬ್ಬು ಹಾರಿಸಿದ.

“ಸಾರ್, ನಾನು ಆರ್ಟಿಸ್ಟು. ಈ ಕಣದ ಕಾಫಿಲಿ ಯಾರೋ ಚಿತ್ರ ಬರೀತಾರೆ. ಕೋಳಿ, ಆನೆ, ಬಸ್ಸು. ಅವರ್ನ ಹುಡುಕ್ಕೊಂಡು ಬಂದೆ.”

“ನಮ್ ಕಾಫಿಲಿ ಬಸ್ಸು?”

“ಮೊಟ್ಟೆ ಒಳಗಿಂದ ಬರುತ್ತೆ ಸಾರ್.”

ಗೌಡರು ಫೋನಿನ ಫೋಟೊಗಳನ್ನು ತಳ್ಳುತ್ತಾ ಹೋದರು. ಅವರಿವರ ಕಣ, ಅವರಿವರ ಟ್ಯಾಂಕು, ಗೋಡೌನಿನ ಬಾಗಿಲು. ಒಂದು ಮನುಷ್ಯನ ಮುಖವಿಲ್ಲ, ಒಂದು ಹೂವಿಲ್ಲ.

“ವಿಡಿಯೊ ತೋರಿಸ್ತೀನಿ, ನಿಮಗೇ ಗೊತ್ತಾಗುತ್ತೆ. ಇಲ್ಲಿ ನೆಟ್‌ವರ್ಕ್ ಇಲ್ಲ ಸಾರ್. ಮನೆ ವೈಫೈ ಪಾಸ್‌ವರ್ಡ್ ಹೇಳಿದ್ರೆ ಒಂದೇ ನಿಮಿಷ.”

“ಕೇಳಿದ್ಯನಾ ಅರುಣ,” ಎಂದರು ಗೌಡರು. “ಕಳ್ಳನಿಗೆ ವೈಫೈ ಬೇಕಂತೆ. ಇನ್ನು ಬಚ್ಚಲಿಗೆ ಬಿಸಿನೀರೂ ಕಾಯ್ಸು.”

ಊರು, ಕುಲ ವಿಚಾರಿಸಿದಾಗ ಮಲ್ಲೇಶ ಅಪ್ಪನ ಹೆಸರು ಹೇಳಿದ. ಮೂಡಿಗೆರೆಯಲ್ಲಿ ಹಗ್ಗ, ಟಾರ್ಪಾಲು, ಗಂಬೂಟು ಮಾರುವ ಓಂಕಾರಮೂರ್ತಿಯವರ ಅಂಗಡಿ ಗೌಡರಿಗೆ ಗೊತ್ತಿತ್ತು. ಮನೆಯ ಫೋನಿನಿಂದ ಕರೆ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು.

“ಮೂರ್ತಿಯವ್ರೆ, ನಿಮ್ ಮಗ ಎಂತ ಕೆಲ್ಸ ಮಾಡ್ತಾನೆ?”

“ಕೆಲಸ ಅಂತ ಬಾಯಿಬಿಟ್ಟು ಹೇಳುವಂಥದ್ದು ಏನಿಲ್ಲ ಗೌಡ್ರೆ.”

“ಕದಿಯೋ ಅಭ್ಯಾಸ ಎಂತಾದ್ರೂ?”

ಆ ಕಡೆ ಗಿರಾಕಿಗೆ ಚಿಲ್ಲರೆ ಎಣಿಸಿಕೊಟ್ಟ ಸದ್ದಾಯಿತು. “ಅಷ್ಟು ಚುರುಕಿಲ್ಲ ಅವನು.”

“ಬಂದು ಕರ್ಕೊಂಡು ಹೋಗ್ತೀರೋ, ಪೊಲೀಸಿಗೆ ಹೇಳ್ಲೋ?”

“ಗಿರಾಕಿ ಇದಾರೆ. ಸಂಜೆ ಐದಕ್ಕೆ ಬರ್ತೀನಿ. ಅಲ್ಲೀತನಕ ಕೂರಿಸ್ಕೊಳ್ಳಿ.”

ಗೌಡರು ಕಣದ ಅಂಚಿನಲ್ಲಿ ಮಡಚಿಟ್ಟಿದ್ದ ಹೊದಿಕೆಗಳ ರಾಶಿ ತೋರಿಸಿದರು. “ಅಲ್ಲಿ ಕೂತ್ಕಳಿ. ಕಂಬದ ಮೇಲೆ ಕ್ಯಾಮೆರಾ ಇದೆ, ಅಲ್ಲಾಡಿದ್ರೆ ನಮ್ಮನೆಯವ್ರ ಫೋನಿಗೆ ಗೊತ್ತಾಗುತ್ತೆ.” ಹೀಗೆಂದು ಅವರು ಮಧ್ಯಾಹ್ನದ ನಿದ್ದೆಯ ಪೂರ್ವಭಾಗಕ್ಕೆ ಒಳಗೆ ಹೋದರು.

ಮಲ್ಲೇಶ ಕೂತ. ಕೂತ ಮೇಲೆ ಕೆಳಗೆ ನೋಡಿದ. ಹೊದಿಕೆಯ ಮಡಿಕೆಗಳ ಸಂದಿಯಿಂದ ಒಂದು ದುಂಡು ಕಣ್ಣು ಅವನನ್ನೇ ನೋಡುತ್ತಿತ್ತು. ಗರುಡನ ತಲೆಯ ಮೇಲೆ ಅವನು ಕುಳಿತಿದ್ದ. ಅಂದರೆ ಕಣ ಇದೇ. ಅವನು ಹುಡುಕುತ್ತಿದ್ದವರು ಇಲ್ಲೇ, ಕೂಗಿದರೆ ಓಗೊಡುವ ದೂರದಲ್ಲಿದ್ದಾರೆ. ಗಡುವಿಗೆ ಇನ್ನೂ ಏಳು ಗಂಟೆ ಇದೆ.

ಕಣದಲ್ಲಿ ಆಗ ಇದ್ದವರು ಗೌಡರ ಹೆಂಡತಿ ತಿಮ್ಮಮ್ಮ ಒಬ್ಬರೇ. ಅರವತ್ತು ದಾಟಿದ ಹೆಂಗಸು. ಗಂಡನ ಹಳೆಯ ಸ್ವೆಟರು, ತಲೆಗೆ ಟವೆಲು, ಬೀಜ ಒಡೆಯದಿರಲೆಂದು ಕಾಲಿಗೆ ಸಾಕ್ಸು. ಪಾರ್ಚ್‌ಮೆಂಟನ್ನು ಆಳುಗಳ ಕೈಗೆ ಕೊಡದೆ ತಾವೇ ಉದ್ದ ಹಿಡಿಯ ಹಲಗೆ ಹಿಡಿದು ಕೈಯಾಡಿಸುತ್ತಿದ್ದರು. ಆಡಿಸಿ ಮುಗಿಸಿ ಪಕ್ಕಕ್ಕೆ ನಿಂತು, ಸ್ವೆಟರಿನ ಜೇಬಿನಿಂದ ಫೋನ್ ತೆಗೆದು ನೋಡುತ್ತಿದ್ದರು. ಧಾರಾವಾಹಿಯ ಹೊತ್ತಾಯಿತೇನೋ ಎಂದುಕೊಂಡ ಮಲ್ಲೇಶ, ಅವರನ್ನು ಬಿಟ್ಟು ಅರುಣನ ಮೇಲೆ ಕಣ್ಣಿಟ್ಟ. ಇಪ್ಪತ್ತಾರರ ಹುಡುಗ, ಕುರುಚಲು ಗಡ್ಡ, ಉದ್ದನೆಯ ಬೆರಳು, ಜೇಬಿನಲ್ಲಿ ಎರಡು ಪೆನ್ನು. ಇವನೇ. ಮಾಲೀಕರ ಹೆದರಿಕೆಗೆ ಬಾಯಿ ಬಿಡುತ್ತಿಲ್ಲ.

ಅರುಣ ಹತ್ತಿರ ಹಾದುಹೋಗುವಾಗ ಮಲ್ಲೇಶ ದನಿ ತಗ್ಗಿಸಿದ.

“ನಂಗೆ ಎಲ್ಲಾ ಗೊತ್ತು ಅರುಣ್. ಗೌಡ್ರಿಗೆ ಹೇಳಲ್ಲ.”

“ಎಂತ ಗೊತ್ತು?”

“ಈ ಕಣದಲ್ಲಿ ನೀವು ಮಾಡ್ತಿರೋದು. ಎಷ್ಟು ದಿನ ಅಂತ ಮುಚ್ಚಿಡ್ತೀರಿ? ಒಂದು ಹೂಂ ಅನ್ನಿ ಸಾಕು. ಇವತ್ತು ಸಂಜೆ ಆರಕ್ಕೆ ಇಬ್ಬರಿಗೂ ಒಳ್ಳೇದಾಗುತ್ತೆ.”

ಅರುಣ ಅಲ್ಲಿಂದ ಓಡಿಯೇ ಹೋದ. ನಿದ್ದೆಯಿಂದ ಎದ್ದು ಬಂದ ಗೌಡರ ಮೀಸೆ ಒಂದು ಕಡೆ ಮೇಲಕ್ಕೆದ್ದಿತ್ತು.

“ನಮ್ ರೈಟ್ರನ್ನೇ ಪಾಲಿಗೆ ಕರೀತೀರಂತೆ. ಸಂಜೆ ಆರಕ್ಕೆ ಯಾವ ಗಾಡಿ ಬರುತ್ತೆ?”

“ಗಾಡಿ ಅಲ್ಲ ಸಾರ್, ಲೇಖನ.”

ಗೌಡರು ಅರುಣನನ್ನು ಗೇಟು ಕಾಯಲು ಕಳಿಸಿದರು. ಸುದ್ದಿ ಗುಂಪಿಗೆ ಹೋಯಿತು. ಅಕ್ಕಪಕ್ಕದ ಎಸ್ಟೇಟಿನವರು ಜೀಪು ಮಾಡಿಕೊಂಡು ಕಳ್ಳನನ್ನು ನೋಡಲು ಬರತೊಡಗಿದರು. ವಸ್ತಾರೆಯಿಂದ ನೆಂಟರ ಮನೆಗೆ ಬಂದಿದ್ದ ಒಂದು ಸಂಸಾರ, ಹೇಗೂ ಇಷ್ಟು ದೂರ ಬಂದಿದ್ದೇವಲ್ಲ ಎಂದು ದೇವರಮನೆಗೆ ಹೋಗುವ ದಾರಿಯಲ್ಲಿ ಇವನನ್ನೂ ನೋಡಿಕೊಂಡು ಹೋಯಿತು. ಒಬ್ಬ ಹಿರಿಯರು ಹತ್ತಿರ ಬಂದು, “ಹೋದ ವರ್ಷ ನಮ್ಮಲ್ಲಿ ಆರು ಮೂಟೆ ಹೊತ್ಕೊಂಡು ಹೋದವ್ನು ನೀನೇನಾ?” ಎಂದು ವಿಚಾರಿಸಿ, ಅಲ್ಲವೆಂದಾಗ, “ಇವ್ನು ಆರು ಮೂಟೆ ಹೊರೋ ಹಾಗೆ ಕಾಣಲ್ಲ ಬಿಡಿ,” ಎಂದು ನಿರಾಶರಾಗಿ ಹೋದರು.

ಬಿಸಿಲು ಏರಿತು. ತಿಮ್ಮಮ್ಮ ಒಂದು ತಟ್ಟೆಯಲ್ಲಿ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಂದಿಟ್ಟರು.

“ತಿನ್ನು ಮಾರಾಯ. ಕಳ್ಳ ಆದ್ರೂ ಉಪವಾಸ ಕೂರಿಸಕ್ಕಾಗುತ್ತಾ.”

“ನಾನು ಕಳ್ಳ ಅಲ್ಲ ಅಮ್ಮ.”

“ಹಾಗಾರೆ ಇನ್ನೊಂದು ರೊಟ್ಟಿ ತಿನ್ನು.” ಅವರು ಹಲಗೆ ಊರಿಕೊಂಡು ಅಲ್ಲೇ ನಿಂತರು. “ಅದೆಂತದೋ ಚಿತ್ರ ಅಂದ್ಯಲ್ಲ. ಚೆನ್ನಾಗಿದಾವಾ?”

ಇಡೀ ದಿನದಲ್ಲಿ ಅವನನ್ನು ಈ ಪ್ರಶ್ನೆ ಕೇಳಿದವರು ಅವರೊಬ್ಬರೇ.

“ಅಮ್ಮ, ಅಂಥ ಕಲೆ ನಾನು ನೋಡೇ ಇಲ್ಲ. ಒಣಗೋ ಕಾಫಿಲಿ ಆನೆ ನಡೆಸ್ತಾರೆ. ಮೀಸೆ ಹಾರಿಸ್ತಾರೆ. ಸಂಜೆ ಆದ್ರೆ ರಾಶಿ ಮಾಡಿ ಮುಚ್ಚಿಬಿಡ್ತಾರೆ, ಎಲ್ಲಾ ಅಳಿಸಿಹೋಗುತ್ತೆ. ಆದ್ರೂ ಬರೀತಾರೆ. ನಂಗೆ ಹನ್ನೊಂದು ವರ್ಷದಿಂದ ಬರ್ದೂ ಬರ್ದೂ ಒಂದೂ ಆಗಿಲ್ಲ. ಇವತ್ತು ಅವರು ಸಿಕ್ಕಿ ಹೂಂ ಅಂದ್ರೆ ಅವರ ಹೆಸರೂ ಬರುತ್ತೆ, ಅವರ ಕೆಳಗೆ ನಂದೊಂದು ಕಾರ್ಟೂನು ಬರುತ್ತೆ. ಸಿಗದಿದ್ರೆ ನಾನು ಸಾಯೋವರೆಗೂ ಸತ್ತವರ ಹಿಂದೆ ಮೋಡ ಇಡ್ತಾ ಇರ್ಬೇಕು.”

ತಿಮ್ಮಮ್ಮನ ಮುಖ ಕೆಂಪಾಯಿತು. ಬಿಸಿಲಿಗಿರಬೇಕು ಎಂದುಕೊಂಡ ಮಲ್ಲೇಶ. ಅವರು ಮನೆಯ ಕಡೆ ಒಮ್ಮೆ ನೋಡಿದರು, ಸ್ವೆಟರಿನ ಜೇಬಿಗೆ ಕೈ ಹಾಕಿದರು, ಹತ್ತಿರ ಬಂದು ದನಿ ತಗ್ಗಿಸಿದರು.

“ಹಾಗಾರೆ ಒಂದು ಮಾತು ಹೇಳ್ತೀನಿ ಮಾರಾಯ, ಇವ್ರಿಗೆ ಗೊತ್ತಾಗ್ಬಾರ್ದು.”

ಅಷ್ಟಕ್ಕೆ ಮಲ್ಲೇಶ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕೇಳುವವರು ಸಿಕ್ಕಿದ ಮೇಲೆ ಅವನು ನಿಲ್ಲುವ ಆಸಾಮಿಯಲ್ಲ. ಹನ್ನೊಂದು ವರ್ಷದ ನೀರು ಕಟ್ಟೆ ಒಡೆದಿತ್ತು.

“ಒಂದೇ ಬೇಜಾರು ಅಮ್ಮ. ಆ ಕೋಳಿ.”

ತಿಮ್ಮಮ್ಮ ಜೇಬಿನಿಂದ ಕೈ ತೆಗೆದರು. “ಕೋಳಿಗೆ ಎಂತ ಆಗಿದೆ?”

“ಅದು ಕೋಳಿಯೇ ಅಲ್ಲ. ಕತ್ತು ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಆನೆ, ಮೀಸೆ ಎಲ್ಲಾ ಕಣ್ಣಾರೆ ಕಂಡು ಬರ್ದಿದಾರೆ, ಅದ್ಕೆ ಜೀವ ಇದೆ. ಕೋಳಿ ಮಾತ್ರ ಬೇರೆ ಯಾವುದೋ ಚಿತ್ರ ನೋಡಿ ಕದ್ದಿದ್ದು. ಅದೂ ಎಂಥ ಚಿತ್ರ ಅಂತೀರಿ. ಅಷ್ಟು ಕೆಟ್ಟದಾಗಿ ಬರೆಯೋನು ಯಾವನೋ ಒಬ್ಬ ಇದಾನೆ, ಅವನನ್ನ ನೋಡಿ ಇವರು ಕಲ್ತಿದಾರೆ. ನನ್ನ ಕೈಗೆ ಒಂದು ತಿಂಗಳು ಸಿಕ್ಕಿದ್ರೆ ತಿದ್ದಿಬಿಡ್ತಿದ್ದೆ.”

ತಿಮ್ಮಮ್ಮ ರೊಟ್ಟಿಯ ತಟ್ಟೆಯನ್ನು, ಅದರಲ್ಲಿ ಇನ್ನೂ ಅರ್ಧ ರೊಟ್ಟಿ ಇದ್ದಂತೆಯೇ, ಎತ್ತಿಕೊಂಡರು.

“ಎಂತದೋ ಹೇಳ್ತೀನಿ ಅಂದ್ರಲ್ಲ ಅಮ್ಮ?”

“ಎಂತದೂ ಇಲ್ಲ. ಆ ಕಡೆ ಸ್ವಲ್ಪ ತಿರುಗಿ ಕೂತ್ಕ. ಹಾಂ, ಹಾಗೆ. ಬಾಯಿ ಮುಚ್ಚಬೇಡ, ಮಾತಾಡ್ತಾ ಇರು. ನಂಗೂ ಹೊತ್ತು ಹೋಗುತ್ತೆ.”

ಮಲ್ಲೇಶ ಮಾತಾಡಿದ. ಗೆರೆಯ ಬಗ್ಗೆ, ನೆರಳಿನ ಬಗ್ಗೆ, ಖಾಲಿ ಜಾಗದ ಮಹತ್ವದ ಬಗ್ಗೆ, ಕನ್ನಡದ ಓದುಗರ ಅಭಿರುಚಿ ಹೇಗೆ ಕೆಟ್ಟಿದೆ ಎಂಬುದರ ಬಗ್ಗೆ. ತಿಮ್ಮಮ್ಮ ಹಲಗೆ ಎಳೆಯುತ್ತಾ ಕಣದ ತುಂಬ ಓಡಾಡಿದರು. ಐದೈದು ನಿಮಿಷಕ್ಕೆ ನಿಲ್ಲುವರು, ಫೋನ್ ನೋಡುವರು, ಇವನನ್ನು ನೋಡುವರು, ಮತ್ತೆ ಹಲಗೆ ಎತ್ತುವರು. ನೆಲಮಟ್ಟದಲ್ಲಿ ಕೂತ ಮಲ್ಲೇಶನಿಗೆ ಬಿಸಿಲಿಗೆ ಹೊಳೆಯುವ ಬೀಜ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಕಲಾವಿದನ ಕಣ್ಣಿಗೆ ಒಂದು ತಪ್ಪು ಕಂಡೇ ಕಂಡಿತು.

“ಅಮ್ಮ, ನಿಮ್ಮ ಗೆರೆ ನೇರ ಬರ್ತಿಲ್ಲ.”

“ಹೌದನಾ. ಕಣ್ಣು ಮಂಜು ನೋಡು.”

ಮೂರು ಗಂಟೆಗೆ ಗೌಡರು ಜಗಲಿಯಿಂದಲೇ ಗೊಣಗಿದರು. “ಇವತ್ತು ಎಂತ ಇಷ್ಟು ಕೈಯಾಡ್ಸದು? ಕಾಫಿಗೆ ತಲೆ ತಿರುಗುತ್ತೆ.”

“ಬಿಸಿಲು ಚೆನ್ನಾಗಿದೆ,” ಎಂದರು ತಿಮ್ಮಮ್ಮ, “ಇಂಥ ದಿನ ಮತ್ತೆ ಸಿಗಲ್ಲ.”

ನಾಲ್ಕಾಯಿತು, ನಾಲ್ಕೂವರೆಯಾಯಿತು. ಗೇಟಿನಲ್ಲಿ ಅರುಣ ಬೆನ್ನು ತಿರುಗಿಸಿ ನಿಂತಿದ್ದ. ಮಲ್ಲೇಶ ಒಂದೊಂದು ನಿಮಿಷವನ್ನೂ ಹಲ್ಲು ಕೀಳಿಸಿಕೊಳ್ಳುವವನಂತೆ ಕಳೆದ. ಕೊನೆಗೆ ಅವನಿಗೆ ಯಾರ ಮೇಲೂ ಸಿಟ್ಟು ಉಳಿಯಲಿಲ್ಲ. ಇಡೀ ದಿನ ಒಬ್ಬ ಕಲಾವಿದನ ಇಪ್ಪತ್ತು ಗಜ ದೂರದಲ್ಲಿ ಕೂತು ಬರಿಗೈಯಲ್ಲಿ ಹೋಗುವುದು ತನ್ನ ಹಣೆಯಲ್ಲಿ ಬರೆದಿದ್ದರೆ, ಬರೆದವನೂ ಒಬ್ಬ ಕೆಟ್ಟ ಕಾರ್ಟೂನಿಸ್ಟೇ ಇರಬೇಕು ಎನ್ನಿಸಿತು.

ಐದೂಕಾಲಿಗೆ ಓಂಕಾರಮೂರ್ತಿಯವರ ಸ್ಕೂಟರು ಬಂತು. ಅವರು ಮಗನನ್ನು ಮಾತಾಡಿಸದೆ ಗೌಡರ ಜೊತೆ ಜಗಲಿಯಲ್ಲಿ ಕಾಫಿ ಕುಡಿದರು, ಮುಂದಿನ ಮಳೆಗಾಲಕ್ಕೆ ಟಾರ್ಪಾಲಿನ ಮಾತಾಡಿದರು, 'ಇವನು ಕಳ್ಳನಲ್ಲ, ಇವನು ಏನೂ ಅಲ್ಲ' ಎಂದು ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿದರು. ಐದೂಮುಕ್ಕಾಲಿಗೆ ಗೌಡರು ಮಲ್ಲೇಶನ ಫೋನ್ ಹಿಂದಿರುಗಿಸಿದರು.

“ಬೇಜಾರು ಮಾಡ್ಕಬೇಡಿ. ಕಾಲ ಹಾಗಿದೆ.”

ತಿಮ್ಮಮ್ಮ ಕಾಫಿಯನ್ನು ರಾಶಿ ಮಾಡಿ, ಗರುಡನ ತಲೆಯನ್ನು ಬಿಡಿಸಿ ಮೇಲೆ ಹೊದಿಸುತ್ತಿದ್ದರು. “ಆಗಾಗ ಬರ್ತಾ ಇರು ಮಾರಾಯ,” ಎಂದರು. ಆ ದಿನ ಅವನ ಮೇಲೆ ಖುಷಿಯಾಗಿದ್ದವರು ಅವರೊಬ್ಬರೇ ಅನ್ನಿಸಿ ಮಲ್ಲೇಶನಿಗೆ ಕಣ್ಣಲ್ಲಿ ನೀರು ಬಂತು.

ಗಾಳಿಯಿಲ್ಲದ ಬೈಕನ್ನು ಅಲ್ಲೇ ಬಿಟ್ಟು, ಅವನು ಅಪ್ಪನ ಸ್ಕೂಟರಿನ ಹಿಂದೆ ಕೂತ. ಒಂಟಿ ಚಪ್ಪಲಿಯ ಕಾಲು ಗಾಳಿಯಲ್ಲಿ ತೂಗುತ್ತಿತ್ತು. ಹತ್ತು ನಿಮಿಷ ಏರು ಹತ್ತಿ ತಿರುವು ದಾಟಿದ ಮೇಲೆ ಫೋನಿಗೆ ಜೀವ ಬಂತು. ಆರು ಗಂಟೆ ಏಳು ನಿಮಿಷ. ಭುವನಾರ ಸಂದೇಶಗಳು ಸಾಲಾಗಿ ಇಳಿದವು.

ಮಲ್ಲೇಶ್, ಎಲ್ಲಿದ್ದೀರಿ. ಮಲ್ಲೇಶ್, ಫೋನ್ ತೆಗೆಯಿರಿ. ಆಮೇಲೆ: ಇನ್ನು ಬೇಡ ಬಿಡಿ, ಕಣದ ಕೋಳಿಯವರು ಐದು ಗಂಟೆಗೆ ತಾವೇ ಉತ್ತರ ಬರೆದರು, ಹೊಸದೊಂದು ಚಿತ್ರವನ್ನೂ ಕಳಿಸಿದ್ದಾರೆ, ಅದ್ಭುತ. ಹತ್ತು ತುಂಬಿತು. ಹತ್ತನೆಯವರನ್ನು ನೀವು ತಂದುಕೊಡಲಿಲ್ಲವಾದ್ದರಿಂದ ಕಾರ್ಟೂನಿನ ಜಾಗದಲ್ಲಿ ಅವರ ಚಿತ್ರವನ್ನೇ ಹಾಕಿದ್ದೇನೆ.

ಕೆಳಗೆ ಲೇಖನದ ಲಿಂಕು. ಮಲ್ಲೇಶ ಒತ್ತಿದ.

ನಸುಹಳದಿ ಕಣ. ಅದರ ತುಂಬ ಒಬ್ಬ ಮನುಷ್ಯ. ಒಂದು ಕಾಲಿಗೆ ಮಾತ್ರ ಚಪ್ಪಲಿ. ಅವನು ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ತೆರೆಯುತ್ತಾನೆ. ಪಕ್ಕದ ತಟ್ಟೆಯಲ್ಲಿ ರೊಟ್ಟಿ ಕಡಿಮೆಯಾಗುತ್ತದೆ, ಬಾಯಿ ದೊಡ್ಡದಾಗುತ್ತದೆ. ಕಣದ ಆ ಮೂಲೆಯಿಂದ ಕೋಳಿ ನಡೆದು ಬರುತ್ತದೆ, ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತದೆ, ಹಾರಿ ಅವನ ನೆತ್ತಿಯ ಮೇಲೆ ಕೂರುತ್ತದೆ, ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಹೊರಗೆ ಬರುವವನೂ ಅದೇ ಮನುಷ್ಯ, ಅಂಗೈಯಗಲ, ಬಾಯಿ ತೆರೆದುಕೊಂಡೇ. ಆ ಮೂಗು, ಆ ಇಳಿದ ಹೆಗಲು, ಆ ಎತ್ತಿದ ತೋರುಬೆರಳು. ಹನ್ನೊಂದು ವರ್ಷದಿಂದ ಕನ್ನಡಿಯಲ್ಲಿ ನೋಡಿ ಬರೆಯಲು ಹೆಣಗಿದ ತನ್ನ ಮುಖವನ್ನು ಯಾರೋ ನಾಲ್ಕು ಗೆರೆಯಲ್ಲಿ ಹಿಡಿದುಬಿಟ್ಟಿದ್ದರು. ಮಲ್ಲೇಶನ ಎದೆ ತುಂಬಿ ಬಂತು. ಈ ಸಲ ಹೊಟ್ಟೆಗೆ ಉರಿಯುವ ತ್ರಾಣವೂ ಇರಲಿಲ್ಲ.

ಆಮೇಲೆ ಅವನು ಕೆಳಗಿನ ಮಾತುಗಳನ್ನು ಓದಿದ. ಹತ್ತನೆಯವರ ಹೆಸರು ತಿಮ್ಮಮ್ಮ ಕೃಷ್ಣಪ್ಪ. ಕಳ್ಳರ ಕಾಟಕ್ಕೆಂದು ಕಂಬಕ್ಕೆ ಹಾಕಿಸಿದ ಕ್ಯಾಮೆರಾವೇ ಅವರ ಕ್ಯಾಮೆರಾ. ಮನೆಯವರಿಗೆ ಗೊತ್ತಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವರ ಉತ್ತರ: ನಮ್ಮನೆಯವರು ಓದುವುದು ಮಳೆ ಸುದ್ದಿ ಒಂದೇ. ಇಷ್ಟು ದಿನ ಹೆಸರು ಬೇಡ ಅಂತಿತ್ತು, ಇವತ್ತು ಒಬ್ಬ ಬಂದು ಇಡೀ ದಿನ ಪಾಠ ಮಾಡಿದ, ಹಾಕಿಸಿಯೇ ಬಿಡೋಣ ಅನ್ನಿಸಿತು.

ಕೊನೆಯ ಪ್ರಶ್ನೆ: ನಿಮಗೆ ಸ್ಫೂರ್ತಿ ಯಾರು?

ಅದಕ್ಕೆ ತಿಮ್ಮಮ್ಮ ಹೀಗೆ ಬರೆದಿದ್ದರು: ನಮ್ಮ ಕಾಫಿ ಮುಚ್ಚುವ ಫ್ಲೆಕ್ಸಿನ ಮೇಲೆ ಒಂದು ಕೋಳಿ ಇದೆ. ಯಾರು ಬರೆದದ್ದೋ ಗೊತ್ತಿಲ್ಲ. ದಿನಾ ಹೊದಿಸುವಾಗ, ತೆಗೆಯುವಾಗ ಅದನ್ನೇ ನೋಡುತ್ತಿದ್ದೆ. ಇಷ್ಟು ಕೆಟ್ಟ ಕೋಳಿ ಬರೆದವನೇ ಹೆದರದೆ ಅಚ್ಚು ಹಾಕಿಸಿದ್ದಾನಲ್ಲ, ನನಗೆ ಎಂತಕ್ಕೆ ಹೆದರಿಕೆ ಅಂತ ಒಂದು ದಿನ ಹಲಗೆ ತಗೊಂಡು ಅದನ್ನೇ ಬರೆದೆ. ಅಲ್ಲಿಂದ ಶುರು.

ಸ್ಕೂಟರು ಇಳಿಜಾರಿನಲ್ಲಿ ಕುಲುಕಿತು. ಫೋನ್ ಮತ್ತೆ ಅದುರಿತು. ಭುವನಾ.

ಲೇಖನ ಚೆನ್ನಾಗಿ ಓಡುತ್ತಿದೆ ಮಲ್ಲೇಶ್. ಎಲ್ಲರೂ ಆ ಫ್ಲೆಕ್ಸಿನ ಕೋಳಿ ಬರೆದವರು ಯಾರು ಅಂತ ಕೇಳುತ್ತಿದ್ದಾರೆ. ನೀವು ಆ ಊರಿನ ಫ್ಲೆಕ್ಸ್ ಅಂಗಡಿಯಲ್ಲೇ ಇದ್ದೀರಲ್ಲ. ಹುಡುಕಿ, ಒಂದು ಫೋಟೊ, ನಾಲ್ಕು ಮಾತು. ನಾಳೆ ಸಂಜೆ ಆರರೊಳಗೆ. ಸಿಕ್ಕಿದರೆ ನಿಮ್ಮ ಕಾರ್ಟೂನಿನ ವಿಚಾರ ಮತ್ತೆ ನೋಡೋಣ.

“ಯಾರ್ದು ಅದು ಇಷ್ಟು ಮೆಸೇಜು?” ಓಂಕಾರಮೂರ್ತಿಯವರು ತಲೆ ತಿರುಗಿಸದೆ ಕೇಳಿದರು.

“ಕೆಲಸದ್ದು ಅಪ್ಪ.”

“ಎಂತ ಕೆಲಸ?”

“ಒಬ್ಬರನ್ನ ಹುಡುಕಿಕೊಡ್ಬೇಕಂತೆ.”

“ಮತ್ತೆ ಯಾರ ಮನೆ ಕಣಕ್ಕೂ ಹೋಗ್ಬೇಡ,” ಎಂದರು ಓಂಕಾರಮೂರ್ತಿಯವರು.

ಮಲ್ಲೇಶ ಉತ್ತರ ಬರೆಯುವ ಖಾಲಿ ಜಾಗವನ್ನು ತೆರೆದ. ಆಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದ: ವಿಚಾರಿಸಿದೆ ಮೇಡಂ. ಅವರು ತೀರಿಕೊಂಡಿದ್ದಾರಂತೆ.

ತಕ್ಷಣ ಉತ್ತರ ಬಂತು: ಛೆ. ಹಾಗಾದರೆ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿ ಕಳಿಸಿ, ಅದನ್ನೇ ಹಾಕೋಣ. ಹಿಂದೆ ಮೋಡ ಇರಲಿ.